ಈ ಗ್ರೂಪಲ್ಲಿ ರಾಜಕೀಯ ಬೇಡ ಬ್ರದರ್

2021ರ ಜುಲೈ 5, ಸೋಮವಾರ. ಪುಣೆಯ ವಾಕಡ್‌ನ ಬಾಡಿಗೆ ಮನೇಲಿ ಕೂತು ಆಫೀಸ್ ಕಾಲ್‌ನಲ್ಲಿದ್ದೆ, ಮಧ್ಯೆ ಫೋನ್ ನೋಡಿದ್ರೆ ಭೀಮಾ ಕೋರೆಗಾಂವ್ ಕೇಸಲ್ಲಿ ಬಂಧನದಲ್ಲಿದ್ದ ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ ತೀರ್ಕೊಂಡ್ರು ಅಂತ ಸುದ್ದಿ. 84 ವರ್ಷ, ಪಾರ್ಕಿನ್ಸನ್ಸ್, ಕೈ ನಡುಗಿ ಲೋಟ ಹಿಡಿಯೋಕಾಗ್ದೆ ತಲೋಜಾ ಜೈಲಿಂದ ಸಿಪ್ಪರ್ ಕೊಡಿ ಅಂತ ಕೋರ್ಟಿಗೆ ಕೇಳ್ಕೊಂಡಿದ್ದ ಮುದುಕರು, ವಿಚಾರಣೆ ಶುರು ಆಗೋಕೆ ಮುಂಚೇನೇ ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೇಲಿ ಹೋಗ್ಬಿಟ್ರು. ನಮ್ಮ ಹಳೇ ಕಾಲೇಜಿನ ಕ್ರೈಸ್ತ ಹುಡುಗರ ಪ್ರೇಯರ್ ಸೆಲ್ಲಿನ ವಾಟ್ಸಾಪ್ ಗ್ರೂಪಲ್ಲಿ ಯಾರೋ ಜೂನಿಯರ್ ಅವರ ಫೋಟೋ ಹಾಕಿದ. ಎರಡೇ ನಿಮಿಷ. ಅಡ್ಮಿನ್ ಅಣ್ಣ ಬರೆದ್ರು, "ಈ ಗ್ರೂಪಲ್ಲಿ ರಾಜಕೀಯ ಬೇಡ ಬ್ರದರ್, ಎಲ್ಲರೂ ಪ್ರಾರ್ಥನೆ ಮಾಡೋಣ." ಕೆಳಗೆ ಹದಿನಾಲ್ಕು ಜನ ಕೈಮುಗಿದಿರೋ ಇಮೋಜಿ ಹಾಕಿದ್ರು. ಹದಿನೈದನೇದು ನಂದು.

ಆ ಸೆಲ್ ಬಗ್ಗೆ ಕೆಟ್ಟದ್ದು ಮಾತಾಡೋಕೆ ನಂಗೆ ನಾಲಿಗೆ ಬರಲ್ಲ, ಅದಿಲ್ದಿದ್ರೆ ನಾನು ಎರಡನೇ ಸೆಮಿಸ್ಟರಿಗೇ ಬೀದರಿಗೆ ವಾಪಸ್ ರೈಲು ಹತ್ತಿರ್ತಿದ್ದೆ. ಗುರುವಾರ ಸಂಜೆ ಹಾಸ್ಟೆಲ್ ಟೆರೇಸ್ ಮೇಲೆ ಏಳೆಂಟು ಹುಡುಗರು, ಬೀದರ್, ಕಲಬುರಗಿ, ಬೆಳಗಾವಿ ಕಡೆಯೋರು, ಒಂದು ಗಿಟಾರ್, ಅದ್ರಲ್ಲೂ ಒಂದು ತಂತಿ ಇಲ್ಲ. ಇಂಗ್ಲಿಷ್ ಹಾಡು, ಮರಾಠಿ ಹಾಡು ಮುಗಿದ್ಮೇಲೆ ಯಾರೋ ಒಬ್ರು ಕನ್ನಡ ಕೀರ್ತನೆ ಎತ್ತಿದ್ರೆ ಎಲ್ಲರ ದನಿನೂ ಒಮ್ಮೆಲೆ ದಪ್ಪ ಆಗ್ತಿತ್ತು. ಸೆಲ್ ನೋಡ್ಕೋತಿದ್ದ ಸರ್, ಅವರೇ ಈಗಿನ ಅಡ್ಮಿನ್ ಅಣ್ಣ, ಅವರ ಮನೆಯಿಂದ ಅಕ್ಕ ಡಬ್ಬಿ ಕಳಿಸ್ತಿದ್ರು. ಸಪ್ಲಿಮೆಂಟರಿ ಪರೀಕ್ಷೆ, ಅಪ್ಪನ ಸಾಲ, ತಂಗಿ ಮದುವೆ, ಎಲ್ಲದಕ್ಕೂ ಪ್ರಾರ್ಥನೆ ಇತ್ತು.

ಒಂದಕ್ಕೆ ಮಾತ್ರ ಇರಲಿಲ್ಲ. ನಮ್ಮಲ್ಲೊಬ್ಬನಿಗೆ ಎರಡು ಹೆಸರು. ಕಾಲೇಜು ರಿಜಿಸ್ಟರಲ್ಲಿ ಒಂದು, ಟೆರೇಸ್ ಮೇಲೆ ಇನ್ನೊಂದು. ಯಾಕಪ್ಪಾ ಅಂತ ಒಂದ್ಸಲ ಕೇಳಿದ್ದಕ್ಕೆ ನಕ್ಕು, "ಸರ್ಟಿಫಿಕೇಟ್‌ನ್ಯಾಗ ಒಂದ್ ಹೆಸರ್ ಅದ, ಇಲ್ಲಿ ಒಂದ್ ಹೆಸರ್ ಅದ, ದೇವರಿಗಿ ಎರಡೂ ಗೊತ್ತದ ಬಿಡು" ಅಂದ. ನಮ್ಮ ಕಡೆ ಮೆಥಡಿಸ್ಟ್ ಸಭೆಗಳಲ್ಲಿ ಬೆಳೆದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ: ಕ್ರೈಸ್ತ ಅಂತ ದಾಖಲಾದ್ರೆ ದಲಿತನಿಗೆ ಎಸ್‌ಸಿ ಮೀಸಲಾತಿ ಹೋಗತ್ತೆ, ಅದಕ್ಕೇ ಸರ್ಟಿಫಿಕೇಟಲ್ಲಿ ಹಿಂದೂ ಹೆಸರು. ಪರಿಶಿಷ್ಟ ಜಾತಿ ಪಟ್ಟಿ ಮಾಡಿದ 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ, ಹಿಂದೂ ಅಲ್ಲದೋರು ಪರಿಶಿಷ್ಟ ಜಾತಿಗೆ ಸೇರಲ್ಲ ಅಂತು. 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದ್ರು. ರಂಗನಾಥ ಮಿಶ್ರ ಆಯೋಗ 2007ರಲ್ಲಿ ಆ ಪ್ಯಾರಾನೇ ತೆಗೀರಿ ಅಂತ ವರದಿ ಕೊಡ್ತು, ಆಮೇಲೆ 2022ರಲ್ಲಿ ಅದೇ ಪ್ರಶ್ನೆಗೆ ಇನ್ನೊಂದು ಆಯೋಗ. ಜಾತಿ ಮಾತ್ರ ಊರಲ್ಲೂ ಬಿಟ್ಟಿಲ್ಲ, ಚರ್ಚಿನ ಬೆಂಚಲ್ಲೂ ಬಿಟ್ಟಿಲ್ಲ, ಸ್ಮಶಾನದಲ್ಲೂ ಬಿಟ್ಟಿಲ್ಲ.

ಈ ಇಸವಿಗಳನ್ನ ನಂಗೆ ಕಲಿಸಿದ್ದು ಸಭೆ ಅಲ್ಲ, ನಮ್ಮ ಸರ್ ಅಲ್ಲ, ನನ್ನ ರೂಮ್‌ಮೇಟು. ವಿದರ್ಭದ ಬೌದ್ಧ ಹುಡುಗ, ಪ್ರತಿ ಜನವರಿ 1ಕ್ಕೆ ಪುಣೆ ಹತ್ತಿರ ದಲಿತರು ಸೇರೋ ಭೀಮಾ ಕೋರೆಗಾಂವ್ ಸ್ತಂಭಕ್ಕೆ ಹೋಗಿ ಬರ್ತಿದ್ದ, ಪುಣೆಯ ಪುಸ್ತಕದಂಗಡಿಗಳ ಅಪ್ಪಾ ಬಳವಂತ ಚೌಕಲ್ಲಿ ನಾನು ಸೆಕೆಂಡ್ ಹ್ಯಾಂಡ್ ಟೆಕ್ಸ್ಟ್‌ಬುಕ್ ಹುಡುಕ್ತಿದ್ರೆ ಅವನು ಅಂಬೇಡ್ಕರ್ ಹುಡುಕ್ತಿದ್ದ. ಒಂದಿನ ಕೇಳ್ದ, "ತುಮ್ಚಂ ಚರ್ಚ್ ಕಾಹೀಚ್ ಬೋಲತ್ ನಾಹೀ ಕಾ ರೇ?" ನಿಮ್ಮ ಚರ್ಚ್ ಏನೂ ಮಾತಾಡಲ್ವೇನೋ ಅಂತ. ಮಾತಾಡತ್ತೆ ಅಂದೆ. ಯಾವಾಗ ಅಂದ. ಕ್ರಿಸ್ಮಸ್ ಅಂದೆ. ಇವತ್ತಿಗೂ ನೆನಪಾದ್ರೆ ಮೈಯೆಲ್ಲ ಮುದುಡತ್ತೆ.

ಹಾಗಂತ ಎಲ್ಲಾ ಕಡೆ ಹೀಗೇ ಅಂತಲ್ಲ. ಎಸ್‌ಸಿಎಂ (ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್) 1912ರದು, ಕ್ಯಾಥೊಲಿಕ್ ವಿದ್ಯಾರ್ಥಿಗಳ ಸಂಘ ಐಕಫ್ 1924ರದು, ಇವರ ಸಭೆಗಳಲ್ಲಿ ಜಾತಿ, ಭೂಮಿ, ಬಡತನ ಎಲ್ಲ ಬರತ್ತೆ. ನಾನು ಬೆಳೆದ ಕಡೆ ರಕ್ಷಣೆ, ಅಂದ್ರೆ ಪಾಪದಿಂದ ಬಿಡುಗಡೆ, ಬರೀ ಆತ್ಮದ್ದು, ಸಮಾಜದ ವಿಷಯ ಆ ಕಡೆಯೋರದ್ದು. ಈ ಕಡೆಯೋರು ಅವರನ್ನ 'ಬರೀ ಸೋಶಿಯಲ್ ವರ್ಕು' ಅಂತಾರೆ, ಅವರು ಇವರನ್ನ 'ಬರೀ ಹಲ್ಲೆಲೂಯಾ' ಅಂತಾರೆ, ಕ್ಯಾಂಟೀನಲ್ಲಿ ಒಟ್ಟಿಗೆ ಚಹಾನೂ ಕುಡಿಯಲ್ಲ. ಸ್ಟ್ಯಾನ್ ಸ್ವಾಮಿ ವಿಷಯದಲ್ಲೂ ಅದೇ ಆಯ್ತು. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದ್ದ ಮನುಷ್ಯ, ಜಾರ್ಖಂಡಲ್ಲಿ ವಿಚಾರಣೆ ಇಲ್ದೆ ಜೈಲಲ್ಲಿ ಕೊಳೀತಿದ್ದ ಆದಿವಾಸಿ ಹುಡುಗರಿಗೋಸ್ಕರ ಹೈಕೋರ್ಟಿಗೆ ಹೋದೋರು. ಜೆಸ್ವಿಟ್ ಫಾದರ್‌ಗಳು ಬೀದಿಗಿಳಿದ್ರು. ನಮ್ಮ ಕಡೆ ಗುಸುಗುಸು ಏನಪ್ಪಾ ಅಂದ್ರೆ "ಅವ್ರು ಕ್ಯಾಥೊಲಿಕ್ ಅಲ್ವಾ."

ಹೆದರಿಕೆ ಸುಳ್ಳಲ್ಲ ಅನ್ನೋದನ್ನೂ ಹೇಳ್ಬೇಕು. ಟೆರೇಸ್ ಮೇಲೆ ಗಿಟಾರ್ ಹಿಡಿದು ಕೂತ್ರೆ 'ಮತಾಂತರ' ಅಂತ ಯಾರಾದ್ರೂ ಒಬ್ರು ಕಂಪ್ಲೇಂಟ್ ಕೊಟ್ರೆ ಸಾಕು, ವಾರ್ಡನ್ ಬೀಗ ಹಾಕ್ತಾನೆ. ಸರ್‌ಗೆ ಕೆಲಸ ಇತ್ತು, ಎರಡು ಮಕ್ಕಳಿದ್ರು. ಬಾಯಿ ಮುಚ್ಕೊಂಡಿದ್ರೆ ಗುರುವಾರನಾದ್ರೂ ಉಳಿಯತ್ತೆ ಅನ್ನೋ ಲೆಕ್ಕ, ನಂಗೆ ಅರ್ಥ ಆಗತ್ತೆ. ಆದ್ರೆ ಆ ಲೆಕ್ಕಕ್ಕೆ ನಾವು 'ಆತ್ಮೀಕ' ಅಂತ ಹೆಸರಿಟ್ವಲ್ಲ, ಅದು ನಂಗೆ ನುಂಗೋಕಾಗಲ್ಲ. ಹೆದರ್ಕೊಂಡಿದೀವಿ ಅಂತ ಹೇಳಿದ್ರೆ ಮುಗೀತಿತ್ತು, ಅದಕ್ಕೂ ಪ್ರಾರ್ಥನೆ ಮಾಡ್ಬಹುದಿತ್ತು.

ಹೋದ ಡಿಸೆಂಬರಲ್ಲಿ ನಮ್ಮ ಸಭೆಯ ಸ್ತ್ರೀ ಸಮಾಜದವರು ಕೇಡಗಾಂವ್‌ಗೆ ಬಸ್ ಮಾಡಿದ್ರು, ಸೀಟು ಖಾಲಿ ಇದೆ ಅಂತ ಹೆಂಡತಿ ಜೊತೆ ನಾನೂ ಹೋದೆ. ದೌಂಡ್ ಕಡೆ ಹೋಗೋ ದಾರೀಲಿ, ಪಂಡಿತಾ ರಮಾಬಾಯಿಯ ಮುಕ್ತಿ ಮಿಷನ್. ಹೆಂಗಸರೆಲ್ಲ ಬಸ್ಸಲ್ಲಿ ಅವ್ರು ಮರಾಠಿಯವ್ರು ಅಂತಿದ್ರು, ನಾನು ಇಲ್ರೀ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ, 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಲ್ಲಿ ಅಂದೆ, ಅದಾದ್ಮೇಲೆ ಎಲ್ಲರಿಗೂ ಸ್ವಲ್ಪ ಸ್ವಂತದವ್ರ ಥರ ಆದ್ರು. ಅನಾಥ ಹೆಣ್ಮಕ್ಕಳು, ವಿಧವೆಯರ ಮನೆ, ಮರಾಠಿ ಬೈಬಲ್ ಅನುವಾದ, ಇವೆಲ್ಲ ಸಂಡೇ ಸ್ಕೂಲಲ್ಲಿ ಕೇಳಿದ್ದೇ. ಯಾರೂ ಹೇಳದೇ ಇದ್ದಿದ್ದು 1897ರ ಪ್ಲೇಗಿನ ವಿಷಯ. ಪುಣೆಯಲ್ಲಿ ಸರ್ಕಾರ ಪ್ಲೇಗ್ ನಿಯಂತ್ರಣ ಅಂತ ಮನೆ ನುಗ್ತಿದ್ದಾಗ, ಪ್ಲೇಗ್ ಆಸ್ಪತ್ರೇಲಿ ಹೆಣ್ಮಕ್ಕಳಿಗೆ ಮಾನ ಉಳಿಯೋ ಪರಿಸ್ಥಿತಿ ಇಲ್ಲ ಅಂತ ರಮಾಬಾಯಿ ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಹೆಸರು ಹಾಕಿ ಪತ್ರ ಬರೆದ್ರು, ವಿಷಯ ಲಂಡನ್ ಪಾರ್ಲಿಮೆಂಟಿಗೆ ಹೋಯ್ತು. ಯೋಚನೆ ಮಾಡಿ, ಆಳ್ತಿದ್ದೋರು ಕ್ರೈಸ್ತರು, ಈಕೆ ಕ್ರೈಸ್ತಳಾಗಿದ್ದಕ್ಕೆ ಪುಣೆಯ ದೊಡ್ಡೋರೆಲ್ಲ ಮೊದಲೇ ಮುನಿಸ್ಕೊಂಡಿದ್ರು, ಬೆನ್ನಿಗೆ ಇದ್ದಿದ್ದು ಆ ಸರ್ಕಾರ, ಆ ಮಿಷನರಿಗಳ ದೇಣಿಗೆ. ಚರ್ಚಿನ ಕಿಟಕಿ ಗಾಜಿಗೋ ಸ್ಕೂಲಿನ ಪರ್ಮಿಷನ್ನಿಗೋ ಬರೆದ ಪತ್ರ ಅಲ್ಲ ಅದು. ನಮ್ಮವರ ಮನವಿ ಪತ್ರಗಳಲ್ಲಿ ಹತ್ತಕ್ಕೆ ಒಂಬತ್ತು ಗಾಜು, ಪರ್ಮಿಷನ್ನೇ.

ಸಮಾಧಿ ಹತ್ರ ಒಂದು ಫೋಟೋ ತೆಗೆದು, ಪ್ಲೇಗ್ ಪತ್ರದ ಕಥೆ ನಾಲ್ಕು ಸಾಲು ಬರೆದು, ಎರಡು ಹೆಸರಿನ ಗೆಳೆಯನಿಗೆ ಕಳಿಸಿದೆ. ಅವನೀಗ ಹೈದರಾಬಾದಲ್ಲಿದಾನೆ, ಮಗಳಿಗೆ ಶಾಲೆ ಅಡ್ಮಿಷನ್ ಅಂತೆ, ಫಾರಂನಲ್ಲಿ ಧರ್ಮ, ಜಾತಿ ಕಾಲಂ ಬಂದಾಗ ಗಂಡ ಹೆಂಡತಿ ಅರ್ಧ ಗಂಟೆ ಸುಮ್ನೆ ಕೂತಿದ್ರಂತೆ. ಅದನ್ನ ವಾಯ್ಸ್ ನೋಟಲ್ಲಿ ಹೇಳಿ, ಕೊನೆಗೆ ಕೇಳ್ದ, "ಇದು ಗ್ರೂಪಿನ್ಯಾಗ ಯಾಕ ಹಾಕಿಲ್ಲೋ?"

ಡ್ರಾಫ್ಟಲ್ಲೇ ಇದೆ. ಅಡ್ಮಿನ್ ಅಣ್ಣನಿಗೆ ಮೊದಲು ಫೋನ್ ಮಾಡ್ಬೇಕು ಅನ್ಕೊಂಡಿದೀನಿ, ಅವ್ರ ಮನೆ ಡಬ್ಬಿ ಊಟ ಉಂಡೋನು ನಾನು.