ಅಲ್ಲಿ ವಾಸಿಯೋ, ಇಲ್ಲಿ ವಾಸಿಯೋ?

ತೀರ್ಥಹಳ್ಳಿ ಕಡೆ ಯಾವ ಮದುವೆಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. "ಜರ್ಮನಿಯಲ್ಲಿ ಇದ್ದು ಬಂದವಳಲ್ವಾ ನೀನು? ಜೀವನ ಅಲ್ಲಿ ವಾಸಿಯೋ, ಇಲ್ಲಿ ವಾಸಿಯೋ?" ಕೇಳುವವರಿಗೆ ಬೇಕಾದ ಉತ್ತರ ಅವರ ಹತ್ತಿರವೇ ಇರುತ್ತದೆ. ಮಗನನ್ನು ಕಳಿಸಿ ಒಂಟಿಯಾದವರಿಗೆ ನಾನು "ಇಲ್ಲೇ" ಅನ್ನಬೇಕು. ಮಗನ ವೀಸಾಕ್ಕೆ ಕಾಯುತ್ತಿರುವವರಿಗೆ "ಅಲ್ಲೇ" ಅನ್ನಬೇಕು.

ಸಣ್ಣಪುಟ್ಟದ್ದನ್ನು ಬೇಗ ಮುಗಿಸುತ್ತೇನೆ. ರಸ್ತೆ, ಬಸ್ಸು, ಕರೆಂಟು ಅಲ್ಲಿ ವಾಸಿ. ರೈಲು ಮಾತ್ರ ನೀವು ಅಂದುಕೊಂಡಷ್ಟು ಟೈಮಿಗೆ ಬರುವುದಿಲ್ಲ. ಊಟ ಇಲ್ಲಿ ವಾಸಿ, ಅದರಲ್ಲಿ ಚರ್ಚೆಯೇ ಬೇಡ. ದುಡ್ಡು ಕೊಡುವುದೂ ಇಲ್ಲೇ ಸಲೀಸು. ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಕುಡಿದು ಫೋನ್ ತೋರಿಸಿದರೆ ಆಯಿತು. ಅಲ್ಲಿ ಇವತ್ತಿಗೂ "ನಗದು ಮಾತ್ರ" ಅಂತ ಬೋರ್ಡು ಹಾಕಿದ ಹೋಟೆಲುಗಳಿವೆ.

ನನಗೆ ನಿಜವಾಗಿ ಹೋಲಿಸಲು ಬರುವುದು ಬಾಣಂತನವೊಂದೇ. ದೊಡ್ಡವಳು ಹುಟ್ಟಿದ್ದು ಸ್ಟುಟ್‌ಗಾರ್ಟಿನಲ್ಲಿ, ಚಿಕ್ಕವನು ಶಿವಮೊಗ್ಗದಲ್ಲಿ.

ಅಲ್ಲಿ ಕೆಲಸದಲ್ಲಿರುವ ಹೆಂಗಸಿಗೆ ಹೆರಿಗೆಗೆ 6 ವಾರ ಮೊದಲು, 8 ವಾರ ಆಮೇಲೆ ಸಂಬಳದ ರಜೆ ಕಾನೂನಿನಲ್ಲೇ ಇದೆ. ಮಗುವಿನ ಜೊತೆ ಮನೆಗೆ ಬಂದ ಮೇಲೆ ಹೆಬಾಮೆ ಬರುತ್ತಾಳೆ. ಓದಿ, ತರಬೇತಿ ಪಡೆದ ಸೂಲಗಿತ್ತಿ ಅನ್ನಿ. ಮೊದಲ 10 ದಿನ ಬೇಕಾದರೆ ದಿನಾ ಬರುತ್ತಾಳೆ, ಆಮೇಲೂ 12 ವಾರದವರೆಗೆ ಆಗಾಗ ಬಂದು ನೋಡುತ್ತಾಳೆ. ಮಗುವಿನ ತೂಕ ನೋಡುವುದು, ಹಾಲು ಕುಡಿಸುವುದನ್ನು ಹೇಳಿಕೊಡುವುದು, ತಾಯಿಯ ಹೊಲಿಗೆ ನೋಡುವುದು ಎಲ್ಲ ಅವಳದ್ದೇ. ನಾವು ಕೈಯಿಂದ ಒಂದು ಪೈಸೆ ಕೊಡಲಿಲ್ಲ, ಎಲ್ಲ ವಿಮೆಯದ್ದು. ಸುಮ್ನೆ ಬರುವುದಲ್ಲ ಅದು. ಸಂಬಳದ ಶೇ 14.6, ಅದರ ಮೇಲೆ ಇನ್ನಷ್ಟು, ಅರ್ಧ ನಮ್ಮಿಂದ ಅರ್ಧ ಕಂಪನಿಯಿಂದ ತಿಂಗಳು ತಿಂಗಳು ಹಿಡಿಯುತ್ತಾರೆ. ಇನ್ನೊಂದಿದೆ. ಮಗು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವರಿಗೆ ಸರ್ಕಾರ ಕೊಡುವ ಭತ್ಯೆ ಒಬ್ಬರೇ ತೆಗೆದುಕೊಂಡರೆ 12 ತಿಂಗಳು, ಅಪ್ಪನೂ ಸೇರಿಕೊಂಡರೆ 14. ಆ 2 ತಿಂಗಳಿನ ಆಸೆಗೆ ನನ್ನ ಗಂಡ ಮಗುವಿನ ಬಟ್ಟೆ ಒಗೆಯುವುದನ್ನು ಕಲಿತರು. ನಮ್ಮ ಅತ್ತೆಗೆ ಈ ವಿಷಯ ಬಹಳ ದಿನ ಹೇಳಿರಲಿಲ್ಲ.

ಗಂಡ ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ಕಷ್ಟ ಗೊತ್ತಾಯಿತು. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಸ್ನಾನಕ್ಕೆ ಹೋಗೋಣ ಅಂದರೆ ಮಗು ಎತ್ತಿಕೊಳ್ಳುವವರಿಲ್ಲ. ಪಕ್ಕದ ಮನೆಯವರು ಒಳ್ಳೆಯವರೇ, ಆದರೆ ಹಾಗೆ ಬಾಗಿಲು ತಟ್ಟುವ ಊರಲ್ಲ ಅದು.

ಎರಡನೆಯದಕ್ಕೆ ತವರಿಗೆ ಬಂದೆ. ದೀಪಾವಳಿ ಹೊತ್ತು. ಹಂಡೆ ತುಂಬ ಬಿಸಿನೀರು, ಮೈಗೆಲ್ಲ ಎಣ್ಣೆ, ಕಾಳುಮೆಣಸಿನ ಸಾರು. ಮಗು ಅತ್ತರೆ ನಾನು ಏಳುವ ಮೊದಲೇ ಚಿಕ್ಕಮ್ಮ ಎತ್ತಿಕೊಂಡಿರುತ್ತಿದ್ದರು. ನಾನು ಕಣ್ತುಂಬ ನಿದ್ದೆ ಮಾಡಿದೆ. "ಎಷ್ಟಾದರೂ ನಮ್ಮೂರೇ ನಮ್ಮೂರು" ಅಂತ ಎಲ್ಲರೂ ಹೇಳುವುದು ಇದನ್ನೇ.

ಆದರೆ ನಾನು ಮಲಗಿದ್ದಾಗ ಎದ್ದಿದ್ದವಳು ಅಮ್ಮ. ಅರವತ್ತು ದಾಟಿದವಳು, ಮಂಡಿನೋವು ಬೇರೆ. ಅಡಿಕೆ ಕೊಯ್ಲಿನ ಆಳುಗಳಿಗೆ ಕಾಫಿ, ತಿಂಡಿ ಆಗಬೇಕು. ನಡುವೆ ಬಚ್ಚಲ ಒಲೆಗೆ ಬೆಂಕಿ. ಅವಳಿಗೆ ರಜೆ ಕೊಟ್ಟವರಿಲ್ಲ. ಅಲ್ಲಿ ಸಂಬಳದಲ್ಲಿ ಹಿಡಿದದ್ದನ್ನು ಇಲ್ಲಿ ಅಮ್ಮನ ಬೆನ್ನಿನಿಂದ ಹಿಡಿದುಕೊಂಡೆವು. ಎರಡು ದೇಶ ಹೋಲಿಸುವವರ ಲೆಕ್ಕದಲ್ಲಿ ಈ ಬಾಬತ್ತು ಎಲ್ಲಿ ಬರುತ್ತದೆ ಹೇಳಿ.

ಇನ್ನು ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಹೆಂಗಸರ ವಿಷಯ. ನಮ್ಮಲ್ಲೂ 2017ರಿಂದ ಹೆರಿಗೆಗೆ 26 ವಾರ ಸಂಬಳದ ರಜೆ ಇದೆ, ಜರ್ಮನಿಯ 14 ವಾರಕ್ಕಿಂತ ಜಾಸ್ತಿ. ಆದರೆ ಅದು ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ. ದಿನಗೂಲಿಯವಳಿಗೆ ಕೆಲಸಕ್ಕೆ ಬಾರದ ದಿನ ಕೂಲಿಯೂ ಇಲ್ಲ. ಹಾಗಂತ ಅವಳ ಮನೆಗೆ ಯಾರೂ ಬರುವುದಿಲ್ಲ ಅನ್ನುವುದು ಸುಳ್ಳು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನದೊಳಗೆ ಆಶಾ ಕಾರ್ಯಕರ್ತೆ 6 ಸಲ ಮನೆಗೆ ಬರಬೇಕು. ನಮ್ಮಲ್ಲಿಗೂ ಬಂದರು, ಕೊಡೆ ಹಿಡಿದು, ಕಾಲುಸಂಕ ದಾಟಿ. ಮಗುವಿನ ತೂಕ ನೋಡಿ ಬರೆದುಕೊಂಡರು. ಹೆಬಾಮೆ ಮಾಡಿದ್ದರಲ್ಲಿ ಒಂದಷ್ಟನ್ನು ಇವರೂ ಮಾಡುತ್ತಾರೆ. ಇವರಿಗೆ ಸಿಗುವುದು ಗೌರವಧನ, ಸಂಬಳವಲ್ಲ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

"ಇಲ್ಲಿ" ಅಂದರೂ ಎಲ್ಲಿ? ತೀರ್ಥಹಳ್ಳಿ ಪೇಟೆಯೇ, ಹಿನ್ನೀರಿನ ಆಚೆ ದಡದ ತುಮರಿಯೇ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿಕೊಂಡಿತು. ಆ ಕಡೆಯವರು ಸಾಗರಕ್ಕೆ ಬರಲು ಲಾಂಚನ್ನೇ ನಂಬಿಕೊಂಡರು. ರಾತ್ರಿ ನೋವು ಬಂದರೆ ಸುತ್ತು ದಾರಿಯೇ ಗತಿಯಾಗಿತ್ತು. 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ಓಡಾಟಕ್ಕೆ ತೆರೆದದ್ದು 2025ರ ಜುಲೈನಲ್ಲಿ. ನಾಡಿಗೆಲ್ಲ ಕರೆಂಟು ಕೊಡಲು ಮುಳುಗಿದ ಊರುಗಳವು.

ಅದಕ್ಕೇ ಈಗ ಕೇಳಿದವರಿಗೆ ಹೀಗೆ ಹೇಳುತ್ತೇನೆ: ಅಮ್ಮ ಗಟ್ಟಿಯಾಗಿದ್ದು, ಒಂದಿಷ್ಟು ತೋಟವಿದ್ದು, ಫೋನು ಮಾಡಿದರೆ ಜೀಪು ತರುವವರು ನಾಲ್ಕು ಜನ ಇದ್ದರೆ ಇಲ್ಲಿ ವಾಸಿ. ಯಾರೂ ಇಲ್ಲದವರಿಗೆ ಅಲ್ಲಿ ವಾಸಿ. ನನಗೆ ಎಲ್ಲರೂ ಇದ್ದರು, ಬಂದೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಮೊನ್ನೆ ಚಿಕ್ಕಮ್ಮನ ಸೊಸೆ ಮ್ಯೂನಿಕ್‌ಗೆ ಹೊರಡುವ ಮೊದಲು ಇದನ್ನೇ ಕೇಳಿದಳು. "ಹೋಗು" ಅಂದೆ. "ಮಗುವಿನ ಯೋಚನೆ ಇದ್ದರೆ ಬಸುರಿ ಅಂತ ಗೊತ್ತಾದ ವಾರವೇ ಹೆಬಾಮೆ ಹುಡುಕಲು ಶುರು ಮಾಡು. ಅಲ್ಲೂ ಅವರು ಕಡಿಮೆ, ಬೇಗ ಸಿಗುವುದಿಲ್ಲ. ಗಂಡನಿಗೆ ಆ 2 ತಿಂಗಳು ಬಿಡಬೇಡ ಅಂತ ಈಗಲೇ ಹೇಳಿಡು. ನಿಮ್ಮ ಅತ್ತೆಗೆ ನಾನು ಹೇಳಿಕೊಳ್ಳುತ್ತೇನೆ."