ಅಲ್ ಖೋಬರ್‌ನಲ್ಲಿ ಅಂಡಾಶಯದ ಆಪರೇಷನ್: ಊರಿನವರ ಪ್ರಶ್ನೆಗೆ ಉತ್ತರ

ನನ್ನ ಎರಡೂ ಅಂಡಾಶಯಗಳನ್ನು ತೆಗೆಸಬೇಕಾಗಿದೆ ಎಂದು ತಿಳಿಸಿದಾಗ ಊರಿನಿಂದ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೇಕೆ, ಇಲ್ಲಿಗೇ ಬಂದು ಮಾಡಿಸಿಕೊಳ್ಳಬಾರದೇ?" ಪ್ರೀತಿಯಿಂದ ಕೇಳಿದ ಪ್ರಶ್ನೆಯದು. ನಾವಿರುವ ಪ್ರದೇಶ ಎಂಥದ್ದು, ಇಲ್ಲಿನ ಬದುಕು ಯಾವುದರ ಮೇಲೆ ನಿಂತಿದೆ ಎಂಬುದನ್ನು ವಿವರಿಸದೆ ಅದಕ್ಕೆ ಉತ್ತರ ಹೇಳಲಾಗದು.

ನಮ್ಮ ಮನೆ ಇರುವುದು ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದಲ್ಲಿ. ದಮ್ಮಾಮ್, ಧಹ್ರಾನ್, ಖೋಬರ್ ಇಂದು ಒಂದಕ್ಕೊಂದು ಕೂಡಿಕೊಂಡ ನಗರಗಳಾದರೂ, 1938ರ ಮಾರ್ಚ್‌ನಲ್ಲಿ ಧಹ್ರಾನ್ ಬಳಿಯ ಏಳನೆಯ ಬಾವಿಯಲ್ಲಿ ತೈಲ ಸಿಗುವವರೆಗೆ ಈ ಕರಾವಳಿಯಲ್ಲಿ ಮೀನುಗಾರರ ಮತ್ತು ಮುತ್ತು ತೆಗೆಯುವವರ ಸಣ್ಣ ಊರುಗಳಷ್ಟೇ ಇದ್ದವು. ನೈಋತ್ಯಕ್ಕೆ ಸಾಗಿದರೆ, ಖರ್ಜೂರದ ತೋಟಗಳಿಗೆ ಹೆಸರಾದ ಅಲ್ ಅಹ್ಸಾದ ಪಕ್ಕದ ಮರಳುಗಾಡಿನ ಅಡಿಯಲ್ಲಿ ಸುಮಾರು 280 ಕಿ.ಮೀ. ಉದ್ದದ ಘವಾರ್ ತೈಲಕ್ಷೇತ್ರವಿದೆ. ಜುರಾಸಿಕ್ ಕಾಲದ ಸುಣ್ಣಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿರುವ ಅಲ್ಲಿನ ತೈಲವು, ಮೇಲಿನ ಗಟ್ಟಿ ಶಿಲಾಪದರದಿಂದಾಗಿ ಆವಿಯಾಗದೆ, ಸೋರಿಹೋಗದೆ ಉಳಿದಿದೆ. ಅದರ ಬಹುಪಾಲು ಅಬ್‌ಖೈಕ್‌ನಲ್ಲಿ ಸಂಸ್ಕರಣೆಗೊಂಡು, ರಾಸ್ ತನೂರಾದಂಥ ಬಂದರುಗಳಿಂದ ಹಡಗು ಸೇರುತ್ತದೆ. ನಮ್ಮ ನಲ್ಲಿಯಲ್ಲಿ ಬರುವುದು ಉಪ್ಪು ತೆಗೆದ ಸಮುದ್ರದ ನೀರು. ಅದನ್ನು ಸಿಹಿಯಾಗಿಸುವುದಕ್ಕೂ ಈ ನೆಲದಡಿಯ ತೈಲವೋ ಅನಿಲವೋ ಉರಿಯಬೇಕು.

ಇಲ್ಲಿಗೆ ಬಂದ ನಮ್ಮಂಥವರಲ್ಲಿ ಬಹಳ ಮಂದಿ ತೈಲ ಕಂಪನಿಯ ನೌಕರರಲ್ಲ, ಅದರ ಗುತ್ತಿಗೆದಾರರ ಕೈಕೆಳಗಿನವರು. ಗುತ್ತಿಗೆ ಮುಗಿದರೆ ಕೆಲಸ ಹೋಗುತ್ತದೆ, ಕೆಲಸದೊಂದಿಗೆ ಇಕಾಮಾ ಎಂಬ ವಾಸದ ಪರವಾನಗಿಯೂ ಆರೋಗ್ಯ ವಿಮೆಯೂ ಹೋಗುತ್ತವೆ. ಖಾಸಗಿ ಕಂಪನಿಗಳು ನೌಕರನಿಗೂ ಅವನ ಕುಟುಂಬಕ್ಕೂ ವಿಮೆ ಮಾಡಿಸಲೇಬೇಕೆಂಬ ಕಾನೂನು ಇದೆ. ಆದರೆ ಜೊತೆಗಿರುವ ಕುಟುಂಬದವರಿಗಾಗಿ ಸರ್ಕಾರಕ್ಕೆ ಕಟ್ಟಬೇಕಾದ, 2017ರಲ್ಲಿ ಆರಂಭವಾದ ಅವಲಂಬಿತರ ಶುಲ್ಕ 2020ರ ಹೊತ್ತಿಗೆ ತಲೆಗೆ ತಿಂಗಳಿಗೆ 400 ರಿಯಾಲ್ ತಲುಪಿದ್ದರಿಂದ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿದವರು ನಮ್ಮ ಪರಿಚಯದಲ್ಲೇ ಅನೇಕರಿದ್ದಾರೆ. ಯಜಮಾನರ ಗುತ್ತಿಗೆ ಚಾಲ್ತಿಯಲ್ಲಿರುವಾಗಲೇ, ನನ್ನ ಹಳೆಯ ಸ್ಕ್ಯಾನ್‌ಗಳನ್ನೆಲ್ಲ ನೋಡಿದ್ದ ವೈದ್ಯೆಯ ಕೈಯಲ್ಲೇ ಆಪರೇಷನ್ ಆಗಲಿ ಎಂದು ನಾವು ನಿರ್ಧರಿಸಿದ್ದು ಈ ಲೆಕ್ಕಾಚಾರದಿಂದ.

ನನಗಿದ್ದದ್ದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ತೊಂದರೆ; ಎರಡೂ ಬದಿಯ ಅಂಡಾಶಯಗಳಲ್ಲಿ ಹಳೆಯ ರಕ್ತ ತುಂಬಿದ ಚಾಕೊಲೇಟ್ ಸಿಸ್ಟ್‌ಗಳು. ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿ ಏರಿದ್ದನ್ನು ಕಂಡು ಮನೆಯವರೆಲ್ಲ ಕ್ಯಾನ್ಸರ್ ಎಂದೇ ಹೆದರಿದರು. ಆ ಅಂಕಿ ಎಂಡೊಮೆಟ್ರಿಯೋಸಿಸ್‌ನಲ್ಲಿಯೂ ಏರುತ್ತದೆ, ಅದೊಂದರಿಂದಲೇ ಏನನ್ನೂ ನಿರ್ಧರಿಸಲಾಗದು ಎಂದು ವೈದ್ಯೆ ಸಮಾಧಾನವಾಗಿ ತಿಳಿಸಿದರು. ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ಲ್ಯಾಪರೋಸ್ಕೋಪಿಯಲ್ಲಿ ಅಂಡಾಶಯಗಳನ್ನೂ ಅಂಡನಾಳಗಳನ್ನೂ ತೆಗೆದರು, ಗರ್ಭಕೋಶವನ್ನು ಉಳಿಸಿದರು. ಎಚ್ಚರವಾದ ಮೇಲೆ ಹೊಟ್ಟೆಗಿಂತ ಭುಜವೇ ಹೆಚ್ಚು ನೋಯುತ್ತಿತ್ತು. ಹೊಟ್ಟೆಯನ್ನು ಉಬ್ಬಿಸಲು ತುಂಬಿದ ಅನಿಲ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರವಾದ ವಪೆಯನ್ನು ಕೆರಳಿಸುವುದರಿಂದ ಹಾಗಾಗುತ್ತದಂತೆ. ಕೇರಳದ ನರ್ಸ್ ಒಬ್ಬರು ಹೊಟ್ಟೆಗೆ ದಿಂಬನ್ನು ಒತ್ತಿ ಹಿಡಿಸಿ, ಮೊದಲು ಮಗ್ಗುಲಾಗಿ, ಆಮೇಲೆ ಕಾಲು ಕೆಳಗಿಳಿಸಿ, ಕೊನೆಗೆ ಮೊಣಕೈ ಊರಿ ಏಳುವುದನ್ನು ಬೇಸರಿಸದೆ ಮತ್ತೆ ಮತ್ತೆ ಮಾಡಿಸಿದರು. ತೆಗೆದ ಭಾಗಗಳ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣಲಿಲ್ಲ.

"ಮಕ್ಕಳಾದ ಮೇಲೆ ಅದೇಕೆ, ತೆಗೆಸಿಬಿಡು" ಎಂದು ಹೇಳುವ ಹಿರಿಯರಿಗೆ ನಾನು ಕೈಮುಗಿದು ಹೇಳುವ ಮಾತೊಂದಿದೆ. ಅಂಡಾಶಯ ಇರುವುದು ಮಕ್ಕಳಿಗಾಗಿ ಮಾತ್ರವಲ್ಲ. ಅದು ಕೊಡುವ ಈಸ್ಟ್ರೋಜನ್ ಮೂಳೆಯನ್ನೂ ಹೃದಯವನ್ನೂ ಕಾಯುತ್ತದೆ. ಎರಡನ್ನೂ ತೆಗೆದರೆ ವರ್ಷಗಟ್ಟಲೆ ನಿಧಾನವಾಗಿ ಬರಬೇಕಾದ ಋತುಬಂಧ ಒಮ್ಮೆಲೇ ಬಂದುಬಿಡುತ್ತದೆ. ನಡುವಯಸ್ಸಿಗೆ ಮೊದಲೇ ಹಾಗಾಗಿ, ಹಾರ್ಮೋನ್ ಚಿಕಿತ್ಸೆಯೂ ಇಲ್ಲದಿದ್ದರೆ ಮೂಳೆ ಸವೆತದ ಮತ್ತು ಹೃದ್ರೋಗದ ಅಪಾಯ ಹೆಚ್ಚು. ಒಂದನ್ನಾದರೂ ಉಳಿಸಲು ಸಾಧ್ಯವೇ ಎಂದು ಕೇಳದೆ ಯಾವ ಹೆಂಗಸೂ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬಾರದು. ನಾನು ಕೇಳಿದೆ, ನನ್ನ ವಿಷಯದಲ್ಲಿ ಅದು ಸಾಧ್ಯವಿರಲಿಲ್ಲ.

ಗರ್ಭಕೋಶ ಉಳಿದಿರುವುದರಿಂದ ನನಗೆ ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರಾನ್ ಕೂಡ ಕೊಡುತ್ತಿದ್ದಾರೆ; ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆಯಬಹುದು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲು, ಸಮುದ್ರದ ತೇವದ ಗಾಳಿ, ಅದರ ಮೇಲೆ ಒಳಗಿನಿಂದ ಏಳುವ ಬಿಸಿ, ಈ ಮೂರೂ ಸೇರಿದ ರಾತ್ರಿಗಳು ಕಠಿಣ. ಸೂರ್ಯ ಇಷ್ಟು ಉರಿಯುವ ನಾಡಿನಲ್ಲಿ ಹೆಂಗಸರಿಗೆ ವಿಟಮಿನ್ ಡಿ ಕೊರತೆ ಸಾಮಾನ್ಯ ಎಂಬುದು ಮೊದಲು ವಿಚಿತ್ರವೆನಿಸುತ್ತದೆ, ಆದರೆ ಆ ಬಿಸಿಲಿನಲ್ಲಿ ಹೊರಗೆ ಕಾಲಿಡುವವರು ಯಾರು? ಹಾಗಾಗಿ ಮೂಳೆಗಾಗಿ ಮಾತ್ರೆ, ರಾತ್ರಿ ಹೊತ್ತು ಕಾರ್ನಿಶ್‌ನಲ್ಲಿ ಕಡಲ ಬದಿಯ ನಡಿಗೆ, ಆಗಾಗ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್.

ಇಲ್ಲಿರುವ ಕನ್ನಡದ ಸಹೋದರಿಯರು ವಿಮಾ ಕಂಪನಿಯ ಮುಂಗಡ ಅನುಮತಿಗೆ ಬೇಗ ಅರ್ಜಿ ಹಾಕಿಸಿ, ಆಪರೇಷನ್ ಟಿಪ್ಪಣಿ ಮತ್ತು ತೆಗೆದ ಭಾಗಗಳ ಪರೀಕ್ಷೆಯ (ಪೆಥಾಲಜಿ) ವರದಿಯ ಪ್ರತಿಗಳನ್ನು ಬಿಡುಗಡೆಯ ದಿನವೇ ಪಡೆದುಕೊಳ್ಳಲು ಯತ್ನಿಸಲಿ. ವರದಿ ತಡವಾದರೆ ಬೆನ್ನುಹತ್ತಿ ತರಿಸಿಕೊಳ್ಳಲಿ. ಗುತ್ತಿಗೆ ಮುಗಿದು ಊರಿಗೆ ಮರಳಿದ ಮೇಲೆ ಚಿಕಿತ್ಸೆ ಮುಂದುವರಿಸುವ ವೈದ್ಯರು ಮೊದಲು ಕೇಳುವುದು ಅವನ್ನೇ.