12 ಡಿಗ್ರಿ ಮತ್ತು ನನ್ನ ಅತಿಬುದ್ಧಿ

ನಾನೀಗ ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಹೊಸದಾಗಿ ಸೇರಿದ ಹುಡುಗರು ಯಾವುದಾದರೂ ಹಳೇ ಸೆಟ್ಟಿಂಗ್ ತೋರಿಸಿ "ಇದ್ಯಾಕೆ ಸರ್ ಹೀಗಿದೆ, ಸರಿ ಮಾಡ್ಬಿಡ್ಲಾ?" ಅಂತ ಕೇಳಿದಾಗಲೆಲ್ಲ ನನಗೆ ಇಂಗ್ಲೆಂಡಿನ ಶೆಫೀಲ್ಡ್‌ನ ಒಂದು ಪಬ್ಬಿನ ನೆಲಮಾಳಿಗೆ ನೆನಪಾಗುತ್ತದೆ. ಇವರು ಕೇಳಿಯಾದರೂ ಕೇಳುತ್ತಾರೆ. ನಾನು ಕೇಳಿರಲಿಲ್ಲ.

2021ರ ಕೊನೆಗೆ ಎಂ.ಎಸ್ಸಿ. ಓದಲು ಹೋಗಿದ್ದೆ. ಸ್ಟೂಡೆಂಟ್ ವೀಸಾದಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ರೂಮಿನಿಂದ ಎರಡು ಬೀದಿ ದಾಟಿದರೆ ಮೂಲೆಯಲ್ಲಿ ಒಂದು ಪುಟ್ಟ ಪಬ್. ಎರಡೇ ಕೋಣೆ. ಟಿವಿ ಇಲ್ಲ, ಅಡುಗೆಮನೆ ಇಲ್ಲ. ತಿನ್ನಲು ಚಿಪ್ಸ್ ಪ್ಯಾಕೆಟ್, ವಿನೆಗರ್‌ನಲ್ಲಿ ಮುಳುಗಿಸಿಟ್ಟ ಮೊಟ್ಟೆ, ಅಷ್ಟೇ. ಜನ ಬರುತ್ತಿದ್ದದ್ದು ಏಲ್ ಅನ್ನೋ ಒಂದು ಬಗೆಯ ಬೀರ್ ಕುಡಿಯೋದಕ್ಕೆ. ಅಮ್ಮನಿಗೆ ಫೋನಿನಲ್ಲಿ "ಹೋಟೆಲಲ್ಲಿ ಕೆಲಸ ಸಿಕ್ತು" ಅಂದಿದ್ದೆ. ಪೂರ್ತಿ ಸುಳ್ಳೇನಲ್ಲ.

ಶೆಫೀಲ್ಡ್ ಅಂದರೆ ನಮಗೆ ಸ್ಟೀಲು, ಚಾಕು, ಚಮಚ. ಏಲ್ ಕುಡಿಯುವವರಿಗೆ ಅದು ಬೇರೆಯೇ ಊರು. ಅಲ್ಲಿನ ಕೆಲ್ಹ್ಯಾಮ್ ಐಲ್ಯಾಂಡ್ ಬಡಾವಣೆಯಲ್ಲಿ 1981ರಲ್ಲಿ ಫ್ಯಾಟ್ ಕ್ಯಾಟ್ ಅನ್ನೋ ಪಬ್ ಶುರುವಾಯಿತು. 1990ರಲ್ಲಿ ಅದರ ಆವರಣದಲ್ಲೇ ಒಂದು ಬ್ರೂವರಿ ಹುಟ್ಟಿತು. ಅಲ್ಲಿ ತಯಾರಾದ ಪೇಲ್ ರೈಡರ್ ಅನ್ನೋ ಏಲ್‌ಗೆ 2004ರಲ್ಲಿ ಇಡೀ ಬ್ರಿಟನ್ನಿನ ಚಾಂಪಿಯನ್ ಬೀರ್ ಅಂತ ಪ್ರಶಸ್ತಿ ಬಂತು. ನಮ್ಮ ಪಬ್ಬಿನ ಮುದುಕರು ಇದನ್ನು ನಿನ್ನೆ ನಡೆದ ಕ್ರಿಕೆಟ್ ಮ್ಯಾಚಿನ ಥರ ಹೇಳುತ್ತಿದ್ದರು. ಅವರೆಲ್ಲ ನನ್ನನ್ನು 'ಲವ್' ಅಂತ ಕರೆಯುತ್ತಿದ್ದರು. ಎಪ್ಪತ್ತರ ಗಂಡಸು "ಒಂದು ಪೈಂಟ್ ಕೊಡು ಲವ್" ಅಂದಾಗ ಮೊದಲ ದಿನ ಗಾಬರಿಯಾಗಿತ್ತು. ಆ ಊರಿನಲ್ಲಿ ಅದು ನಮ್ಮ 'ಮಗಾ' ಇದ್ದ ಹಾಗೆ.

ಪಬ್ ನಡೆಸುವ ಹೆಂಗಸನ್ನು ಅಲ್ಲಿ ಲ್ಯಾಂಡ್‌ಲೇಡಿ ಅನ್ನುತ್ತಾರೆ. ಬೆಂಗಳೂರಲ್ಲಿ ಅಡ್ವಾನ್ಸ್ ವಾಪಸ್ ಕೊಡದವರಿಗೆ ಇರುವ ಹೆಸರು! ಇವರು ಮಾತ್ರ ಒಳ್ಳೆಯವರು. ಹೆಸರು ಹಿಡಿದು ಕರಿ ಅನ್ನುತ್ತಿದ್ದರು, ನನಗೆ ಬಾಯಿ ಬರುತ್ತಿರಲಿಲ್ಲ. ಮೇಡಂ ಅಂದರೆ ನಗುತ್ತಿದ್ದರು.

ಮೊದಲ ವಾರ ಕಲಿತದ್ದು ನೆಲಮಾಳಿಗೆಯಿಂದ ಏಲ್ ಮೇಲೆತ್ತುವ ಕೈಪಂಪ್ ಎಳೆಯೋದು. ಲೋಟ ಓರೆ ಹಿಡಿದು, ಹಿಡಿಕೆಯನ್ನು ನಿಧಾನವಾಗಿ, ಒಂದೇ ಸಮ ಎಳೆಯಬೇಕು. ಒಂದು ಪೈಂಟ್ ಅಂದರೆ 568 ಮಿಲಿ. ಉತ್ತರ ಇಂಗ್ಲೆಂಡಿನವರಿಗೆ ಮೇಲೆ ಕೆನೆಯಂಥ ನೊರೆ ಬೇಕು. ಅದಕ್ಕೆ ನಳಿಗೆಯ ತುದಿಗೆ ಸಣ್ಣ ಸಣ್ಣ ತೂತಿನ ಬಿರಡೆ ಹಾಕಿರುತ್ತಾರೆ. ಇನ್ನೊಂದು ಕಷ್ಟ ಅಂದರೆ ಬಾರ್ ಮುಂದೆ ಸಾಲೇ ಇರಲ್ಲ. ಎಲ್ಲರೂ ಕೌಂಟರಿಗೆ ಒರಗಿ ನಿಂತಿರುತ್ತಾರೆ. ಯಾರು ಮೊದಲು ಬಂದರು ಅನ್ನೋದು ನಮ್ಮ ತಲೆಯಲ್ಲಿರಬೇಕು. ತಪ್ಪಿದರೆ ಗಿರಾಕಿಯೇ ಪಕ್ಕದವರನ್ನು ತೋರಿಸಿ "ಇವರು ನನಗಿಂತ ಮೊದಲು" ಅನ್ನುತ್ತಾರೆ. ನಮ್ಮ ದರ್ಶಿನಿ ಕೌಂಟರಿನಲ್ಲಿ ಬೆಳೆದ ನನಗೆ ಇದು ಪವಾಡದ ಹಾಗೆ ಕಾಣುತ್ತಿತ್ತು.

ನಿಜವಾದ ಕೆಲಸ ಇದ್ದದ್ದು ಕೆಳಗೆ, ನೆಲಮಾಳಿಗೆಯಲ್ಲಿ. ಏಲ್ ಪೀಪಾಯಿ ಪಬ್ಬಿಗೆ ಬಂದಾಗ ಒಳಗಿನ ಯೀಸ್ಟ್ ಇನ್ನೂ ಜೀವಂತ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟಿನ ಹಾಗೆ ಒಳಗೊಳಗೇ ಹುದುಗುತ್ತಿರುತ್ತದೆ. ಒಂದು ಸಣ್ಣ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪೈಂಟ್. ಅದನ್ನು ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸಿ, ಅಲುಗದ ಹಾಗೆ ಬೆಣೆ ಕೊಡಬೇಕು. ಮೇಲಿನ ತೂತಿಗೆ ಮೆದು ಮರದ ಮೊಳೆ ಹೊಡೆದರೆ ಹೆಚ್ಚಿನ ಗ್ಯಾಸ್ ಅದರ ಎಳೆಗಳ ನಡುವಿಂದ ಬುಸುಬುಸು ಅಂತ ಹೊರಗೆ ಹೋಗುತ್ತದೆ. ಬುರುಗು ಏಳೋದು ನಿಂತ ಮೇಲೆ ಗಟ್ಟಿ ಮೊಳೆ. ಆಮೇಲೆ ಗಸಿ ತಳಕ್ಕೆ ಕೂರುವ ತನಕ ಕೈಕಟ್ಟಿ ಕೂರಬೇಕು. ಒಂದಕ್ಕೆ ಒಂದು ದಿನ ಸಾಕು, ಇನ್ನೊಂದಕ್ಕೆ ಹಲವು ದಿನ ಬೇಕು. ಗಸಿ ಬೇಗ ಕೂರಲಿ ಅಂತ ಬಹಳ ಬ್ರೂವರಿಗಳು ಮೀನಿನ ಗಾಳಿಚೀಲದಿಂದ ತೆಗೆದ ಒಂದು ಪದಾರ್ಥ ಹಾಕುತ್ತವೆ. ಇದನ್ನಂತೂ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಒಮ್ಮೆ ಮಾರಲು ಶುರು ಮಾಡಿದರೆ ಒಳಗೆ ಗಾಳಿ ಸೇರುತ್ತದೆ. ಮೂರು ದಿನದಲ್ಲಿ ಖಾಲಿ ಮಾಡಲೇಬೇಕು.

ಗೋಡೆಗೆ ಕೂಲರ್. ಅದು ಸದಾ 12 ಡಿಗ್ರಿಯಲ್ಲಿ.

2022ರ ಜುಲೈ ಎರಡನೇ ವಾರ ಸೆಕೆ ಜೋರಾಯಿತು. ಮೂರ್ನಾಲ್ಕು ಹುಡುಗರು ಬಂದವರು "ಇದು ಬೆಚ್ಚಗಿದೆ" ಅಂತ ಮುಖ ಸಿಂಡರಿಸಿದರು. ನನಗೂ ಹಾಗೇ ಅನಿಸುತ್ತಿತ್ತು. ನಮ್ಮ ಕಡೆ ಬೀರ್ ಅಂದರೆ ಬಾಟಲಿ ಮೇಲೆ ನೀರಿಳಿಯಬೇಕು, ಅಲ್ವಾ? ಆ ರಾತ್ರಿ ಬಾಗಿಲು ಹಾಕುವಾಗ ಕೂಲರನ್ನು 6ಕ್ಕೆ ಇಳಿಸಿದೆ. ಯಾರೂ ಹೇಳಿರಲಿಲ್ಲ. ನಾಳೆ ಎಲ್ಲರೂ ಭೇಷ್ ಅನ್ನುತ್ತಾರೆ ಅಂದುಕೊಂಡೆ.

ಮರುದಿನ ನನಗೆ ರಜೆ, ಲ್ಯಾಂಡ್‌ಲೇಡಿಯೂ ಊರಲ್ಲಿರಲಿಲ್ಲ. ಮೂರನೇ ದಿನ ಸಂಜೆ ಮೊದಲ ಗಿರಾಕಿ ಯಾವಾಗಲೂ ಕಿಟಕಿ ಪಕ್ಕ ಕೂರುವ ಅಜ್ಜ. ಪೈಂಟ್ ಎಳೆದುಕೊಟ್ಟೆ. ಅವರು ಲೋಟವನ್ನು ಬೆಳಕಿಗೆ ಹಿಡಿದರು. ತಿಳಿಸಾರಿನ ಹಾಗೆ ಹೊಳೆಯಬೇಕಾದ ಏಲ್ ಅಕ್ಕಿ ತೊಳೆದ ನೀರಿನ ಹಾಗೆ ಮಸುಕಾಗಿತ್ತು. ಏನೂ ಮಾತಾಡಲಿಲ್ಲ. ಲೋಟವನ್ನು ಕೌಂಟರ್ ಮೇಲಿಟ್ಟು ಎರಡು ಬೆರಳಿಂದ ನನ್ನ ಕಡೆ ಸ್ವಲ್ಪ ಸರಿಸಿದರು.

ನಾನು ವಾದಕ್ಕಿಳಿದೆ. "ಹೊಸ ಪೀಪಾಯಿ ಸರ್, ಇವತ್ತೇ ಶುರು ಮಾಡಿದ್ದು, ಚೆನ್ನಾಗೇ ಇದೆ." ಕೂಲರ್ ಇಳಿಸಿದ್ದಕ್ಕಿಂತ ಈ ಮಾತೇ ನನಗೆ ಇವತ್ತಿಗೂ ಜಾಸ್ತಿ ನಾಚಿಕೆ ತರುತ್ತದೆ. ನಾನು ಒಂದು ಗುಟುಕೂ ಕುಡಿದು ನೋಡಿರಲಿಲ್ಲ. ಐವತ್ತು ವರ್ಷದಿಂದ ಏಲ್ ಕುಡಿಯುತ್ತಿದ್ದವರಿಗೆ ಚೆನ್ನಾಗಿದೆ ಅಂತ ಹೇಳುತ್ತಿದ್ದೆ. ಈಗ ಆಫೀಸಿನಲ್ಲಿ ಯಾರಾದರೂ ಸೈಟ್ ನಿಧಾನ ಅಂದಾಗ "ನಮ್ಮ ಕಡೆ ಎಲ್ಲ ಸರಿ ಇದೆ" ಅನ್ನೋ ಉತ್ತರ ಟೈಪ್ ಮಾಡಲು ಹೊರಟರೆ ಆ ಎರಡು ಬೆರಳು ಕಣ್ಣ ಮುಂದೆ ಬರುತ್ತವೆ.

ಲ್ಯಾಂಡ್‌ಲೇಡಿ ಬಂದರು. ಮೊದಲು ಅಜ್ಜನ ದುಡ್ಡು ವಾಪಸ್ ಕೊಟ್ಟರು. ಆಮೇಲೆ ಒಂದು ಗುಟುಕು ಕುಡಿದರು. ಆಮೇಲೆ ಕೆಳಗೆ ಹೋದರು. ಈ ಕ್ರಮವನ್ನು ನಾನು ಗಮನಿಸಿದೆ. ಮೇಲೆ ಬಂದು "ಕೂಲರ್ ಮುಟ್ಟಿದ್ದು ಯಾರು?" ಅಂದರು. ದನಿ ಏರಿಸಲಿಲ್ಲ. "ನಾನು" ಅಂದೆ. ಅದಕ್ಕವರು, "ನಿನಗೆ ಸೆಕೆಯಾದರೆ ನೀನು ಫ್ರಿಜ್ಜಲ್ಲಿ ಕೂತ್ಕೋ. ಪೀಪಾಯಿಗೆ ಸೆಕೆಯಾಗಿರಲಿಲ್ಲ."

ವಿಷಯ ಇಷ್ಟೇ. ಏಲ್ ತೀರಾ ತಣ್ಣಗಾದರೆ ಅದರೊಳಗಿನ ಪ್ರೋಟೀನ್ ಗುಂಪುಗೂಡಿ ಮಸುಕಾಗುತ್ತದೆ. ಪರಿಮಳ, ರುಚಿ ಎರಡೂ ಮುದುಡುತ್ತವೆ. ಬಿಸಿಯಾದರೆ ಬೇಗ ಹುಳಿಯುತ್ತದೆ. 11ರಿಂದ 13 ಡಿಗ್ರಿ ಅನ್ನೋದು ಯಾರದೋ ಸೋಮಾರಿತನದಿಂದ ಉಳಿದುಕೊಂಡ ಸಂಖ್ಯೆಯಲ್ಲ. ಕಂಪನಿಗಳು ಯೀಸ್ಟ್ ಸೋಸಿ, ಪಾಶ್ಚರೀಕರಿಸಿ, ಗ್ಯಾಸ್ ತುಂಬಿದ ಬೀರನ್ನೇ ಎಲ್ಲ ಕಡೆ ತುಂಬುತ್ತಿವೆ ಅಂತ 1971ರಲ್ಲಿ ಕ್ಯಾಮ್ರಾ ಅನ್ನೋ ಗ್ರಾಹಕರ ಸಂಘವನ್ನೇ ಕಟ್ಟಿದ ಜನ ಅವರು. ಅಂಥವರ ಏಲನ್ನು ನಾನು 'ಸುಧಾರಿಸಲು' ಹೋಗಿದ್ದೆ.

ಅದೃಷ್ಟಕ್ಕೆ ಈ ಮಸುಕು ಮತ್ತೆ ಬೆಚ್ಚಗಾದರೆ ತಿಳಿಯಾಗುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಲ್ಯಾಂಡ್‌ಲೇಡಿ ಮೂರೂ ಪಂಪಿನ ಹೆಸರಿನ ಫಲಕಗಳನ್ನು ಹಿಂದುಮುಂದು ತಿರುಗಿಸಿದರು. ಇವತ್ತು ಇದು ಇಲ್ಲ ಅಂತ ಅರ್ಥ. ಬಂದವರೆಲ್ಲ ಬಾಗಿಲಲ್ಲೇ ಆ ಬೆನ್ನುಗಳನ್ನು ನೋಡಿದರು. ಕೆಲವರು ಹಾಗೇ ವಾಪಸ್ ಹೋದರು. ಅಜ್ಜ ಮಾತ್ರ ಒಂದು ಟಾನಿಕ್ ವಾಟರ್ ತಗೊಂಡು ಸುಮ್ನೆ ಪೇಪರ್ ಓದುತ್ತಾ ಕೂತರು. ನಾನು ಇಡೀ ಸಂಜೆ ಒರೆಸಿದ ಲೋಟವನ್ನೇ ಒರೆಸಿದೆ.

ಸಂಬಳ ಹಿಡಿಯಲಿಲ್ಲ. ಒಂದು ನೋಟ್‌ಬುಕ್ ಕೊಟ್ಟರು. ಕೆಲಸಕ್ಕೆ ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ನೆಲಮಾಳಿಗೆಯ ಉಷ್ಣಾಂಶ ಬರೆಯಬೇಕು, ಅಷ್ಟೇ.

ಜುಲೈ 19ರಂದು ಆ ದೇಶದಲ್ಲಿ ಮೊದಲ ಸಲ 40 ಡಿಗ್ರಿ ದಾಟಿತು. ಬೀದಿಯಲ್ಲಿ ಜನವೇ ಇಲ್ಲ. ನಾನು ಆ ಸಂಜೆ ಐದು ಸಲ ಕೆಳಗಿಳಿದೆ. ಕೂಲರ್ ಒಂದೇ ಸಮ ಗುಂಯ್‌ಗುಡುತ್ತಿತ್ತು. ನನ್ನ ಕೈ ಜೇಬಿನಲ್ಲೇ ಇತ್ತು. ಏಳು ಗಂಟೆಗೆ ಅಜ್ಜ ಬಂದರು, ಟೋಪಿ ತೆಗೆದು ಬೀಸಿಕೊಳ್ಳುತ್ತಾ.

"ಕೆಳಗೆ ಎಷ್ಟಿದೆ, ಲವ್?"

"ಹನ್ನೆರಡೂವರೆ."

ಲೋಟ ಬೆಳಕಿಗೆ ಹಿಡಿದರು. ಕಿಟಕಿ ಪಕ್ಕ ಹೋಗಿ ಕೂತರು.